ಮೊಳೆ ಹಲಗೆ

ಬೆಳಿಗ್ಗೆ ಆರಕ್ಕೆ ಸೌಟಕ್ಕ ಎರಡು ಕಿಲೋ ಹಂದಿಮಾಂಸದ ಇಡೀ ತುಂಡನ್ನು ಒಂದೇ ಕೈಯಲ್ಲಿ ಎತ್ತಿ, ಕರೆಂಟಿನ ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ಸ್ಲೋ ಕುಕ್ಕರಿಗೆ ಇಳಿಸಿದಳು. ಎಡಗೈ ಪಕ್ಕದಲ್ಲಿ ಜೋತುಬಿದ್ದಿತ್ತು. ಲಕ್ವ ಹೊಡೆದು ಆರು ತಿಂಗಳಾದರೂ ಅದು ಹೇಳಿದ ಮಾತು ಕೇಳುತ್ತಿರಲಿಲ್ಲ. ಮಗಳು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು, ಒಳಗೆ ಕಾಲಿಡಬಾರದೆಂದು ಅಪ್ಪಣೆಯಾಗಿತ್ತು.

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷ ಇನ್ನೂರು ಜನಕ್ಕೆ ಬೇಯಿಸಿ ಹಾಕಿ ಸೌಟಕ್ಕ ಎಂಬ ಹೆಸರು ಗಳಿಸಿದವಳಿಗೆ, ಇನ್ನು ಮೇಲೆ ಕೂಪನ್ ಹರಿಯುತ್ತ ಕೂತರೆ ಸಾಕು ಎಂದು ಮ್ಯಾನೇಜರ್ ಹೇಳಿಬಿಟ್ಟಿದ್ದ. ಸೌಟಕ್ಕನಿಗೆ ಮೈಯೆಲ್ಲ ಉರಿದುಹೋಗಿತ್ತು. ಬೇರೆ ಯಾರ ಕೈಯೂ ತಾಗದ ಹಾಗೆ ಒಂದು ಊಟಕ್ಕೆ ಅಡುಗೆ ಮಾಡಿ ಬಡಿಸಿದರೆ ನನ್ನ ಒಲೆ ನನಗೆ ಕೊಡುತ್ತೀರಾ ಎಂದು ಕೇಳಿದ್ದಳು. ಮಾತು ಮುಗಿದರೆ ಸಾಕೆಂಬಂತೆ ಅವನು ಹೂಂ ಅಂದಿದ್ದ. ಇವತ್ತು ಭಾನುವಾರ. ಮಧ್ಯಾಹ್ನ ಎರಡಕ್ಕೆ ಊಟಕ್ಕೆ ಬರುವವನಿದ್ದ.

ವಾರವಿಡೀ ತಲೆ ಓಡಿಸಿ ಅವಳು ಈ ಅಡುಗೆ ಆರಿಸಿದ್ದಳು. ಕೊಚ್ಚಬೇಕಿಲ್ಲ, ಕೈಯಾಡಿಸಬೇಕಿಲ್ಲ, ಕುದಿಯುವ ಪಾತ್ರೆ ಇಳಿಸಬೇಕಿಲ್ಲ. ಈರುಳ್ಳಿಯದೊಂದೇ ತಕರಾರು. ಅದಕ್ಕೂ ಪಕ್ಕದ ಮನೆಯ ಬಡಗಿಗೆ ಹೇಳಿ, ಒಂದು ಹಲಗೆಗೆ ಕೆಳಗಿನಿಂದ ಎರಡು ಸ್ಟೀಲ್ ಮೊಳೆ ಹೊಡೆಸಿದ್ದಳು. ಮೇಲೆ ಬಂದ ಮೊನೆಗೆ ಚುಚ್ಚಿ ನಿಲ್ಲಿಸಿದರೆ ಈರುಳ್ಳಿ ಅಲ್ಲಾಡುತ್ತಿರಲಿಲ್ಲ, ಒಂದೇ ಕೈಯಲ್ಲಿ ಹೆಚ್ಚಬಹುದಿತ್ತು. ಹೆಚ್ಚಿದ ಈರುಳ್ಳಿ, ಉಪ್ಪು, ಖಾರದ ಪುಡಿ, ಬೆಳ್ಳುಳ್ಳಿ, ಚೂರು ಸಕ್ಕರೆ, ವಿನೆಗರ್ ಎಲ್ಲ ಬಿದ್ದ ಮೇಲೆ ಮುಚ್ಚಳ ಮುಚ್ಚಿ ಗುಂಡಿ ತಿರುಗಿಸಿದಳು.

ಹನ್ನೊಂದರ ಹೊತ್ತಿಗೆ ಮಗಳಿಗೆ ತಡೆಯಲಾಗಲಿಲ್ಲ. ಎಷ್ಟು ಬೆಂದಿದೆ ನೋಡೋಣವೆಂದು ಒಳಗೆ ಬಂದು ಮುಚ್ಚಳದತ್ತ ಕೈ ಚಾಚಿದಳು.

"ಕೈ ತೆಗಿ," ಅಂದಳು ಸೌಟಕ್ಕ. "ಒಂದ್ಸಲ ತೆಗೆದ್ರೆ ಅರ್ಧ ಗಂಟೆ ಶಾಖ ಹಾಳು. ಅದೂ ಅಲ್ದೆ, ನೀನು ಮುಟ್ಟಿದ್ರೆ ನಾನು ಸೋತ ಹಾಗೆ."

"ಅವರಿಗೇನು ಗೊತ್ತಾಗುತ್ತೆ, ಅಮ್ಮ?"

"ನನಗೆ ಗೊತ್ತಾಗುತ್ತಲ್ಲೇ."

ಮ್ಯಾನೇಜರ್ ಎರಡಕ್ಕೆ ಸರಿಯಾಗಿ ಬಂದ, ಮೊಬೈಲ್ ನೋಡುತ್ತಲೇ ಕೂತ. ಸೌಟಕ್ಕ ಮಾಂಸವನ್ನು ತಟ್ಟೆಗೆ ಎತ್ತಿಕೊಂಡು, ಎಳೆಗಳಾಗಿ ಬಿಡಿಸಿ ಬಡಿಸಲೆಂದು ಅವನೆದುರೇ ಫೋರ್ಕ್ ಹಾಕಿ ಎಳೆದಳು. ಎಳೆ ಬಿಡಲಿಲ್ಲ. ಇಡೀ ತುಂಡೇ ಜಾರಿ ತಟ್ಟೆಯ ಆ ಅಂಚಿಗೆ ಹೋಯಿತು. ಮತ್ತೆ ಎಳೆದಳು, ಈ ಅಂಚಿಗೆ ಬಂತು. ಒಂದು ಫೋರ್ಕ್ ಹಿಡಿದುಕೊಂಡರೆ ತಾನೇ ಇನ್ನೊಂದು ಎಳೆಯುವುದು? ಇಷ್ಟೆಲ್ಲ ಯೋಚಿಸಿದವಳು ಇದೊಂದನ್ನು ಮರೆತೇಬಿಟ್ಟಿದ್ದಳು. ಇಲ್ಲಿಗೆ ಮುಗಿಯಿತು, ನಾಳೆಯಿಂದ ಕೂಪನ್ನೇ ಗತಿ ಎನಿಸಿತು.

ಮಗಳು ಎದ್ದು ನಿಂತಳು. "ಅವಳು ಸ್ವಲ್ಪ ಹಿಡ್ಕೊಳ್ಳಲಿ ಬಿಡಿ, ಸೌಟಕ್ಕ," ಅಂದ ಮ್ಯಾನೇಜರ್, ಪಾಪ, ಒಳ್ಳೆಯ ಮನಸ್ಸಿನಿಂದಲೇ. "ಅಷ್ಟಕ್ಕೆಲ್ಲ ನಾನೇನೂ ಅನ್ನಲ್ಲ."

ಸೌಟಕ್ಕ ಒಳಗೆ ಹೋಗಿ ಬೆಳಿಗ್ಗೆ ತೊಳೆದಿಟ್ಟಿದ್ದ ಹಲಗೆ ತಂದು ಮೇಜಿನ ಮೇಲಿಟ್ಟಳು. ಮಾಂಸದ ತುಂಡನ್ನು ಮೊಳೆಗಳ ಮೇಲೆ ಕುಕ್ಕಿದಳು. ಫೋರ್ಕ್ ಹಾಕಿ ಎಳೆದಳು. ಎಳೆ ಎಳೆಯಾಗಿ ಬಿಟ್ಟುಕೊಂಡು ಬಂತು. ತಟ್ಟೆ ತುಂಬುವವರೆಗೂ ಅವಳು ತಲೆ ಎತ್ತಲಿಲ್ಲ.

ಅವನು ಎರಡೆರಡು ಸಲ ಬಡಿಸಿಕೊಂಡು ತಿಂದ. ಕೈರುಚಿ ಒಂಚೂರೂ ಕೆಟ್ಟಿಲ್ಲವೆಂದು ಹೊಗಳಿದ. ಆಮೇಲೆ ರಾಗ ಎಳೆದ. "ಆದ್ರೂ ಇನ್ನೂರು ಜನ ಅಂದ್ರೆ... ಒಂದೇ ಕೈ..."

"ಸಾರ್, ಕೂತಾಗಿಂದ ನಿಮ್ಮ ಎಡಗೈ ಮೊಬೈಲ್ ಬಿಟ್ಟಿಲ್ಲ," ಅಂದಳು ಸೌಟಕ್ಕ, ಅವನ ಖಾಲಿ ತಟ್ಟೆ ಎತ್ತಿಕೊಳ್ಳುತ್ತ. "ಊಟ ಏನಾದ್ರೂ ಕಮ್ಮಿ ಆಯ್ತಾ?"

ಮ್ಯಾನೇಜರ್ ಮೊಬೈಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಸೌಟಕ್ಕ ಆಗಲೇ ಹಲಗೆ ತೊಳೆದು, ಮೊಳೆಗಳ ಮೊನೆಗೆ ಬಟ್ಟೆ ಸುತ್ತಿ, ಗೂಟಕ್ಕೆ ನೇತುಹಾಕಿದ್ದ, ದಿನಾ ಕ್ಯಾಂಟೀನಿಗೆ ಒಯ್ಯುವ ಚೀಲದೊಳಕ್ಕೆ ಇಳಿಬಿಡುತ್ತಿದ್ದಳು.