ಬಾಯಿ ಬಿಡದ ಟೈರು

ಮೂವತ್ತೊಂಬತ್ತು ವರ್ಷಗಳ ಹಿಂದೆ ಬೆಟ್ಟದ ಪಂದ್ಯವನ್ನು ಗೆದ್ದ ಸೈಕಲ್ಲು ಅಂಗಡಿಯ ಗೋಡೆಯ ಮೇಲೆ ಎರಡು ಕೊಕ್ಕೆಗಳಿಂದ ತೂಗುತ್ತಿತ್ತು. ಅದನ್ನು ಒರೆಸಬಹುದಿತ್ತು, ಅದರ ಒಂದು ತಿರುಪನ್ನೂ ಯಾರೂ ಮುಟ್ಟುವಂತಿರಲಿಲ್ಲ. ಪಕ್ಕದಲ್ಲೊಂದು ಪಟ: ಧೂಳಿಗೆಂದು ಮುಖಕ್ಕೆ ವಸ್ತ್ರ ಸುತ್ತಿಕೊಂಡ ಸವಾರ, ಎರಡು ಕಣ್ಣು ಮಾತ್ರ ಹೊರಗೆ. ಅಂಗಡಿಯ ಆರಡಿ ಎತ್ತರದ ತಾತನನ್ನು ಊರು ಇಂದಿಗೂ 'ಬೆಟ್ಟದ ಹುಲಿ' ಎಂದೇ ಕರೆಯುತ್ತಿತ್ತು.

ಆ ಕಥೆಯನ್ನು ಕೇಳದ ಗಿರಾಕಿಯಿರಲಿಲ್ಲ. ಪಂದ್ಯದ ಹಿಂದಿನ ದಿನ ಕಾಲು ಉಳುಕಿ ಕುಂಬಳಕಾಯಿಯಂತೆ ಊದಿಕೊಂಡದ್ದು. ದಾರಿಯಲ್ಲಿ ಏಳು ಸಲ ಟ್ಯೂಬು ಪಂಕ್ಚರಾದದ್ದು. ಹೆಂಡತಿಯ ಹೆಗಲು ಹಿಡಿದು ಕುಂಟುತ್ತ ಹೋಗಿ ಬಹುಮಾನದ ಬಟ್ಟಲನ್ನು ಪಡೆದದ್ದು. ತಾತ ಏಳು ಎಂದಾಗಲೆಲ್ಲ ಅಂಗಡಿಯ ಹಿಂದಿನ ಅಡುಗೆಮನೆಯಿಂದ ಅಜ್ಜಿಯ ದನಿ ತೇಲಿ ಬರುತ್ತಿತ್ತು: "ಏಳಲ್ಲ, ಒಂಬತ್ತು." ಕೇಳಿ ಕೇಳಿ ಅವರಿಗೂ ಬಾಯಿಪಾಠವಾಗಿದೆ ಎಂದು ಗಿರಾಕಿಗಳು ನಗುತ್ತಿದ್ದರು.

ಈ ಶುಕ್ರವಾರ ಬೆಳಿಗ್ಗೆ ತಾತನಿಗೆ ಕಥೆ ಬೇಕಿರಲಿಲ್ಲ. ಮೊಮ್ಮಗಳ ಸೈಕಲ್ಲಿನ ಹಿಂದಿನ ಚಕ್ರವನ್ನು ಬಿಚ್ಚಿ, ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರು. ಮತ್ತೆ ಅಲ್ಲಾಡಿಸಿದರು. ಒಳಗೆ ದ್ರವ ಕುಲುಕುವ ಸದ್ದಿಲ್ಲ.

ಅದು ಟ್ಯೂಬ್‌ಲೆಸ್ ಟೈರು. ಟ್ಯೂಬಿನ ಬದಲು ಒಳಗೆ ಹಾಲಿನಂಥ ಬಿಳಿ ದ್ರವ. ಮುಳ್ಳು ಚುಚ್ಚಿದರೆ ಅದು ತೂತಿನತ್ತ ನುಗ್ಗಿ, ಹೊರಗೆ ನಾಲ್ಕು ಹನಿ ಚಿಮ್ಮಿ, ಅಲ್ಲೇ ಹೆಪ್ಪುಗಟ್ಟಿ ಗಾಯವನ್ನು ಮುಚ್ಚುತ್ತದೆ. ಮೂರು ತಿಂಗಳಿಗೊಮ್ಮೆ ಹೊಸದು ತುಂಬಿದರೆ ಸಾಕು. ತಾತ ತುಂಬಿ ಮೂರೇ ವಾರವಾಗಿತ್ತು. ಅಂದು ತಾತನ ಭುಜಕ್ಕೂ ಬಾರದ ಅಜ್ಜಿ ಪಕ್ಕದಲ್ಲೇ ನಿಂತು ಕೇಳಿದ್ದರು: "ಹಾಗಾದ್ರೆ ಮುಳ್ಳು ಚುಚ್ಚಿದ್ದು ಯಾರಿಗೂ ಗೊತ್ತಾಗಲ್ವಾ?"

"ನುಂಗಿಕೊಂಡು ಸುಮ್ನಿರುತ್ತೆ. ಬಾಯೇ ಬಿಡಲ್ಲ" ಎಂದಿದ್ದರು ತಾತ.

ದ್ರವ ಇಷ್ಟು ಬೇಗ ತೀರಿತೆಂದರೆ ಟೈರು ಬಹಳ ಪೆಟ್ಟು ತಿಂದಿದೆ. ತಾತ ಗಾಳಿ ಬಿಟ್ಟರು. ರಿಮ್ಮಿನಿಂದ ಟೈರಿನ ಅಂಚನ್ನು ಬಿಡಿಸಿ ಒಳಮೈಯಲ್ಲಿ ಬೆರಳಾಡಿಸಿದರು. ಬೆರಳಿಗೆ ತಗುಲಿದ್ದು ಒಂದಲ್ಲ, ಹನ್ನೊಂದು ಮುಳ್ಳಿನ ಮೊನೆ. ಒಂದೊಂದರ ಸುತ್ತಲೂ ರಬ್ಬರಿನ ಹಕ್ಕಳೆ. ಇಕ್ಕಳದಿಂದ ಎಳೆದು ಬೆಳಕಿಗೆ ಹಿಡಿದರು. ಕೊಕ್ಕಿನಂತೆ ಬಾಗಿದ ಕೆಂಪು ಮುಳ್ಳು. ಊರೊಳಗೆ ಎಲ್ಲಿಯೂ ಬೆಳೆಯದು. ಬೆಟ್ಟದ ರಸ್ತೆಯಲ್ಲಿ ಮಾತ್ರ.

ಅದು ಕಲ್ಲುಗಣಿಯ ಲಾರಿಗಳು ಓಡುವ ದಾರಿ. ಹೋದ ವರ್ಷ ಅಲ್ಲಿ ಒಬ್ಬ ಸವಾರ ಪ್ರಾಣ ಬಿಟ್ಟಿದ್ದ. ಅತ್ತ ಚಕ್ರ ತಿರುಗಿಸಿದರೆ ಸೈಕಲ್ಲೇ ಇಲ್ಲ ಎಂಬ ಷರತ್ತಿನ ಮೇಲೆಯೇ ಅದು ಮೊಮ್ಮಗಳ ಕೈಸೇರಿತ್ತು. ಭಾನುವಾರ ಸುತ್ತುರಸ್ತೆಯಲ್ಲಿ ಪಂದ್ಯ. ಹೆಣ್ಣುಮಕ್ಕಳನ್ನು ಪಂದ್ಯಕ್ಕೆ ಸೇರಿಸಿಕೊಂಡಿರುವುದು ಊರಿನಲ್ಲಿ ಇದೇ ಮೊದಲು. ಅದಕ್ಕಾಗಿ ಹುಡುಗಿ ಆರು ತಿಂಗಳು ಬೆವರು ಸುರಿಸಿದ್ದಳು.

ತಾತ ಅವಳನ್ನು ಕರೆದು, ಮುಳ್ಳುಗಳನ್ನು ಅವಳ ಅಂಗೈಗೆ ಸುರಿದರು.

"ಬೆಟ್ಟಕ್ಕೆ ಯಾವಾಗಿಂದ ಹೋಗ್ತಿದ್ದೀಯ?"

"ನಾನು ಹೋಗಿಲ್ಲ ತಾತ."

ಆಣೆಯಿಟ್ಟಳು. ತಾನು ಸಂಜೆ ಮಾತ್ರ, ಅದೂ ಸುತ್ತುರಸ್ತೆಯಲ್ಲಿ ಮಾತ್ರ ಹೋಗುವುದಾಗಿ ಹೇಳಿದಳು. ಬೇಕಾದರೆ ಸೀಟನ್ನು ನೋಡಿ, ರಾತ್ರಿ ಏರಿಸಿಟ್ಟರೂ ಮರುದಿನ ನೋಡಿದರೆ ಕೆಳಗಿಳಿದಿರುತ್ತದೆ ಎಂದಳು. ತಾತನ ಎತ್ತರವೇ ಅವಳಿಗೂ ಬಂದಿತ್ತು. ಅಷ್ಟು ತಗ್ಗಿನ ಸೀಟು ಅವಳದಾಗಿರಲು ಸಾಧ್ಯವಿರಲಿಲ್ಲ. ಆದರೆ ಆ ಮಾತು ತಾತನ ಕಸುಬಿಗೇ ನಾಟಿತು.

"ನಾನು ಬಿಗಿದ ಸೀಟು ಜಾರುತ್ತಾ? ನಿಜ ಹೇಳೋ ತನಕ ಸೈಕಲ್ಲಿಲ್ಲ. ಭಾನುವಾರದ ಪಂದ್ಯನೂ ಇಲ್ಲ."

ಹುಡುಗಿಯ ಅಳು ಕೇಳಿ ಅಜ್ಜಿ ಅಡುಗೆಮನೆಯಿಂದ ಹೊರಬಂದರು. ಹಾಲು ತಂದು ಅರ್ಧ ಗಂಟೆಯಾಗಿತ್ತಷ್ಟೆ. ಹಾಲಿನ ಅಂಗಡಿ ಇದ್ದದ್ದು ಎರಡೇ ಬೀದಿಯಾಚೆ. ಆದರೂ ದಿನವೂ ನಸುಕಿಗೇ ಹೊರಟು ಬಿಸಿಲೇರುವಾಗ ಮರಳುತ್ತಿದ್ದರು. ಕೇಳಿದರೆ ಸಾಲು ಉದ್ದವಿತ್ತು ಎನ್ನುತ್ತಿದ್ದರು. ಈಗಲೂ ಸೀರೆಯ ಹಿಂದಿನ ಅಂಚಿಗೆ ಬಿಳಿ ಹನಿಗಳು ಸಿಡಿದಿದ್ದವು. ಹಾಲು ತುಳುಕಿದೆ ನೋಡು ಎಂದು ತಾತ ಗೊಣಗಿದರು. ಅಜ್ಜಿ ಒರೆಸಿದರು. ಅದು ಹೋಗಲಿಲ್ಲ. ಉಗುರಿನಿಂದ ಕೆರೆದರು.

"ಹುಡುಗಿ ಸುಳ್ಳು ಹೇಳಿಲ್ಲ ರೀ" ಎಂದರು ಕೊನೆಗೆ. "ಸೀಟು ಅಳೆದು ನೋಡಿ."

ಅಷ್ಟು ಹೇಳಿ ಒಳಗೆ ಹೋದರು.

ತಾತ ದಾರ ಹಿಡಿದು, ಪೆಡಲಿನ ಅಚ್ಚಿನಿಂದ ಸೀಟಿನವರೆಗೆ ಎಳೆದು, ಗಂಟು ಹಾಕಿದರು. ಗಂಟಿನ ಮೇಲೆಯೇ ಅವರ ಬೆರಳು ನಿಂತಿತು. ತಲೆ ತಾನಾಗಿ ಗೋಡೆಯತ್ತ ಎದ್ದಿತು, ಒಡನೆಯೇ ತಗ್ಗಿತು.

ಆ ತಲೆ ಎದ್ದದ್ದನ್ನೂ ತಗ್ಗಿದ್ದನ್ನೂ ಮೊಮ್ಮಗಳು ನೋಡಿದಳು. ತಾತನ ಕೈಯಿಂದ ದಾರವನ್ನು ಮೆಲ್ಲಗೆ ಬಿಡಿಸಿಕೊಂಡು, ಸ್ಟೂಲು ಹತ್ತಿ, ಗೋಡೆಯ ಸೈಕಲ್ಲಿಗೆ ಹಿಡಿದಳು. ಅಳತೆ ಕೂದಲೆಳೆಯಷ್ಟೂ ತಪ್ಪಲಿಲ್ಲ.

ತಾತ ಬಾಯಿ ಬಿಡಲಿಲ್ಲ. ಟೈರಿನ ಒಳಮೈಯನ್ನು ಒರೆಸಿ, ಹೊಸ ದ್ರವ ಸುರಿದು, ಅಂಚು ಕೂರಿಸಿ ಗಾಳಿ ತುಂಬಿದರು. 'ಟಪ್' ಎಂದು ಟೈರು ರಿಮ್ಮಿಗೆ ಕಚ್ಚಿಕೊಂಡಿತು. ಚಕ್ರವನ್ನು ಜೋಡಿಸಿ, ಸೀಟನ್ನು ಮೊಮ್ಮಗಳ ಎತ್ತರಕ್ಕೆ ಏರಿಸಿ ಬಿಗಿದರು.

"ಭಾನುವಾರ ಹೊರಡೋ ಮುಂಚೆ ಗಾಳಿ ನೋಡ್ಕೋ" ಎಂದರು, ಅವಳ ಮುಖ ನೋಡದೆ.

ಅವಳು ತಲೆಯಾಡಿಸಿ, ತಾತನನ್ನು ದಾಟಿ ಹೋಗಿ, ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತಳು.

"ಅಜ್ಜಿ, ಆ ಒಂಬತ್ತು ಪಂಕ್ಚರಿನ ಕಥೆ ಇನ್ನೊಂದು ಸಲ ಹೇಳಿ, ಈ ಸಲ ಸೈಕಲ್ ಹೊಡೆದವರ ಬಾಯಿಂದಲೇ ಕೇಳ್ತೀನಿ."