ಮುನ್ನೂರು ಕಿಲೋಮೀಟರಿನ ಆಯಿಲ್

ಅದೇ ಕಾರು ನಾಲ್ಕನೆಯ ತಿಂಗಳೂ ಬಂದು ನಿಂತಾಗ ಗ್ಯಾರೇಜಿನ ಒಡತಿ ಕುಮುದಾಳಿಗೆ ನಗಬೇಕೋ ರೇಗಬೇಕೋ ತಿಳಿಯಲಿಲ್ಲ. ಗರಿಗರಿ ಇಸ್ತ್ರಿಯ ಅಂಗಿ ತೊಟ್ಟ ಯುವಕ ಇಳಿದು ಅದೇ ಪ್ರಶ್ನೆ ಕೇಳಿದ.

“ಮೇಡಂ, ಇದಕ್ಕೆ ಯಾವ ಸಿಂಥೆಟಿಕ್ ಆಯಿಲ್ ಒಳ್ಳೇದು?”

“ಹೋದ ತಿಂಗಳು ಹಾಕಿದ್ನಲ್ಲ, ಅದೇ. ಹತ್ತು ಸಾವಿರ ಕಿಲೋಮೀಟರ್ ಬರುತ್ತೆ ಅಂತ ಎಷ್ಟು ಸಲ ಹೇಳೋದು? ನೀವು ಓಡಿಸಿರೋದು ಮುನ್ನೂರು.”

“ಆದ್ರೂ ಇನ್ನೊಂದ್ಸಲ ಬಿಡಿಸಿ ಹೇಳಿ.”

ಕುಮುದಾ ಕೈಯ ಜಿಡ್ಡು ಒರೆಸಿಕೊಂಡು, ತಾನು ಮೂರು ವರ್ಷದ ಹಿಂದೆ ಈ ವಿದ್ಯೆಯನ್ನೆಲ್ಲ ಕಲಿತಿದ್ದ, ಜಿಡ್ಡು ಹಿಡಿದು ಮಾಸಿದ ಪುಸ್ತಕವನ್ನು ತಂದು ಅವನ ಮುಂದೆ ಕುಕ್ಕಿದಳು.

“ಆಯಿಲ್ ವಿಷಯ ಎಲ್ಲಾ ಇದರಲ್ಲಿದೆ. ಓದ್ಕೊಳ್ಳಿ, ಮತ್ತೆ ಮತ್ತೆ ಇಲ್ಲಿಗೆ ಬರೋದು ತಪ್ಪುತ್ತೆ.”

ಅವನು ಪುಸ್ತಕ ಮುಟ್ಟಲಿಲ್ಲ. ಅವನ ಕಿವಿ ಕೆಂಪಗಾಯಿತು.

“ಓದೋದೇನು ಬಂತು ಮೇಡಂ, ಅದನ್ನ ಬರೆದವನೇ ನಾನು.”