ಬೇರೆ ಕಂಪನಿಯ ಫೋನಿನಲ್ಲಿ ಮಾತ್ರ

ನಾಲ್ಕನೆಯ ಸಲವೂ ಅದೇ ಅಳು ಕೇಳಿಸಿತು.

ಅವನು ಇಯರ್‌ಬಡ್‌ಗಳನ್ನು ಕಿತ್ತು ಮೇಜಿನ ಮೇಲಿಟ್ಟ. ಅಳು ನಿಂತಿತು. ತಲೆಯ ಮೇಲೆ ಫ್ಯಾನು ಗರಗರ ಅನ್ನುತ್ತಿತ್ತು, ಹಿಂದಿನ ಕೋಣೆಯಲ್ಲಿ ವಾಷಿಂಗ್ ಮಿಷನ್ನು ಗುಡುಗುತ್ತಿತ್ತು, ಬೀದಿಯಲ್ಲಿ ಯಾರೋ ಗೋಡೆ ಕೊರೆಯುತ್ತಿದ್ದರು. ಹಾಡುಹಗಲು ಹನ್ನೊಂದು ಗಂಟೆ. ಮತ್ತೆ ಸಿಕ್ಕಿಸಿಕೊಂಡು ಬಲಗಿವಿಯದನ್ನು ಒತ್ತಿ ಹಿಡಿದ. ಟಿಣ್ ಎಂದಿತು. ಫ್ಯಾನು, ಮಿಷನ್ನು, ಬೀದಿ ಎಲ್ಲವೂ ತೆಪ್ಪಗಾದವು. ಉಳಿದದ್ದು ಅಳು ಒಂದೇ. ಮೂರು ಬಿಕ್ಕು, ಒಂದು ಉದ್ದದ ಉಸಿರು, ಮತ್ತೆ ಮೂರು ಬಿಕ್ಕು.

ಹಾಗೆ ಅಳುವವಳನ್ನು ಅವನು ಜನ್ಮದಲ್ಲಿ ಒಬ್ಬಳನ್ನೇ ಕಂಡಿದ್ದ. ಅವನ ಮಗಳು. ಆರು ವರ್ಷದ ಆ ಕೂಸು ಜ್ವರದಲ್ಲಿ ಹೋಗಿ ಎಂಟು ತಿಂಗಳಾಗಿತ್ತು.

ಅವನ ಉದ್ಯೋಗವೇ ಕೇಳುವುದು. ಇಯರ್‌ಬಡ್ ಮಾಡುವ ಕಂಪನಿಯಲ್ಲಿ ಹನ್ನೆರಡು ವರ್ಷದಿಂದ ಪರೀಕ್ಷಕ. ಅಲ್ಲಿ ಎಲ್ಲರೂ ಅವನನ್ನು ಮೊಲ ಎಂದು ಕರೆಯುತ್ತಿದ್ದರು. ಕಿವಿ ಚುರುಕು ಎಂಬ ಮೆಚ್ಚುಗೆ ಅರ್ಧ, ಕಿವಿಗಳು ಇರುವುದೂ ಹಾಗೆಯೇ ಎಂಬ ತಮಾಷೆ ಅರ್ಧ. ಹೊಸ ಮಾದರಿ ಅಂಗಡಿಗೆ ಹೋಗುವ ಮೊದಲು ಪರೀಕ್ಷಕ ಅದನ್ನು ಮನೆಗೊಯ್ದು, ಮನೆಯ ಸದ್ದುಗದ್ದಲದ ನಡುವೆ ಒಂದು ವಾರ ಬಳಸಿ ನೋಡಬೇಕು. ಮೊದಲು ಕಂಪನಿಯದೇ ಫೋನಿನೊಡನೆ, ಆಮೇಲೆ ಬೇರೆ ಕಂಪನಿಯ ಫೋನಿನೊಡನೆ. ಬರಿಗಿವಿಗೆ ಕೇಳಿಸಿದ್ದು ಒಂದು ಕಾಲಮ್ಮಿನಲ್ಲಿ, ಬಡ್ ಹಾಕಿದ ಮೇಲೂ ಉಳಿದದ್ದು ಇನ್ನೊಂದರಲ್ಲಿ. ಮೊದಲನೆಯದರಲ್ಲಿ ಇಲ್ಲದ್ದು ಎರಡನೆಯದರಲ್ಲಿ ಬರುವಂತಿಲ್ಲ. ಬಂದರೆ ಕೆಟ್ಟಿರುವುದು ಬಡ್ ಅಲ್ಲ, ಪರೀಕ್ಷಕನ ತಲೆ ಎಂದು ಹಿರಿಯರು ಹೇಳಿಕೊಟ್ಟಿದ್ದರು.

ಕಂಪನಿಯ ಫೋನಿನಲ್ಲಿ ಎಲ್ಲ ಸರಿಯಿತ್ತು. ಪರದೆಯ ಮೇಲೆ ಸದ್ದಡಗಿಸುವ ಗುಂಡಿ ಮುಟ್ಟಿದರೆ ಪೂರ್ತಿ ಮೌನ. ಬೇರೆ ಫೋನಿನಲ್ಲಿ ಆ ಗುಂಡಿ ಬರುವುದಿಲ್ಲ, ಬಡ್ಡನ್ನೇ ಒತ್ತಿ ಹಿಡಿಯಬೇಕು. ಒತ್ತಿ ಹಿಡಿದರೆ ಮಗಳು ಅಳುತ್ತಿದ್ದಳು.

ಮೂರು ದಿನ ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಲಸಕ್ಕೇ ಸಂಚಕಾರ. ಇಲ್ಲದ್ದನ್ನು ಕೇಳುವ ಕಿವಿಯನ್ನು ಯಾವ ಕಂಪನಿ ಇಟ್ಟುಕೊಂಡೀತು? ಆದರೆ ಅವನು ಹೆದರಿದ್ದು ಅದಕ್ಕಲ್ಲ. ಹನ್ನೊಂದು ಯಾವಾಗ ಹೊಡೆಯುವುದೋ ಎಂದು ಅವನು ಕಾಯತೊಡಗಿದ್ದ. ವಾರ ಮುಗಿದರೆ ಬಡ್‌ಗಳನ್ನು ಹಿಂದಿರುಗಿಸಬೇಕು. ಮಗಳನ್ನು ಎರಡನೆಯ ಸಲ ಕಳೆದುಕೊಳ್ಳುವ ಶಕ್ತಿ ಅವನಲ್ಲಿರಲಿಲ್ಲ.

ನಾಲ್ಕನೆಯ ದಿನವಾದ ಇಂದು, ತಡೆಯಲಾರದೆ ಹೆಂಡತಿಗೆ ಹೇಳಿದ.

ಅವಳು ಗಟ್ಟಿಗಿತ್ತಿ. ಹೆರಿಗೆಯ ದಿನವೂ ಹಲ್ಲು ಕಚ್ಚಿಕೊಂಡಿದ್ದಳೇ ಹೊರತು ಅತ್ತಿರಲಿಲ್ಲ. ಮಗಳು ಹೋದ ದಿನ, ಬಂದವರಿಗೆಲ್ಲ ಕುಡಿಯಲು ನೀರು ಕೊಟ್ಟು, ಕುರ್ಚಿ ಹಾಕಿ, ಅವನನ್ನೂ ಹಿಡಿದು ಕೂರಿಸಿದ್ದಳು. ಕಲ್ಲೆದೆ ಎಂದು ಅವನ ಅಕ್ಕ ಬೆನ್ನ ಹಿಂದೆ ಆಡಿಕೊಂಡಾಗ ಅವನು ಎದುರಾಡಿರಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೂ ಹಾಗೇ ಅನ್ನಿಸಿತ್ತು. ಮಗಳ ಕೋಣೆ ಖಾಲಿಯಾದ ಮೇಲೂ ಅವಳು ಮನೆಗೆಲಸದಲ್ಲಿ ಒಂದು ದಿನ ಬಿಟ್ಟವಳಲ್ಲ. ಇಬ್ಬರೇ ಇರುವ ಮನೆಯಲ್ಲಿ ದಿನಾ ಬಟ್ಟೆ ಒಗೆಯುವಷ್ಟು ಅಚ್ಚುಕಟ್ಟು.

ಅವನ ಮಾತು ಮುಗಿಯುವವರೆಗೂ ಅವಳು ಕೈಯಲ್ಲಿದ್ದ ಲೋಟವನ್ನು ಕೆಳಗಿಡಲಿಲ್ಲ.

"ನಮ್ಮ ಮಗು ಅಳ್ತಿಲ್ಲ," ಎಂದಳು, ಅವನ ಮುಖ ನೋಡದೆ. "ಅದಿಷ್ಟು ನಂಬಿ. ಟೆಸ್ಟು ಗಿಸ್ಟು ಎಲ್ಲ ಆಫೀಸಲ್ಲೇ ಮಾಡ್ಕೊಳ್ಳಿ."

ಹೆತ್ತವಳ ಬಾಯಲ್ಲಿ ಇಂಥ ಮಾತೇ ಎಂದುಕೊಂಡು ಅವನು ಎದ್ದುಹೋದ.

ಮರುದಿನ ಹನ್ನೊಂದಕ್ಕೆ ಅಳು ಕೇಳಿಸಲಿಲ್ಲ. ಮಧ್ಯಾಹ್ನವೂ ಇಲ್ಲ, ಸಂಜೆಯೂ ಇಲ್ಲ. ಒತ್ತಿ ಒತ್ತಿ ಬೆರಳು ನೊಂದಿತು. ಬಾಯಿ ಬಿಟ್ಟು ಹೇಳಿದ್ದೇ ತಪ್ಪಾಯಿತು, ಮಗಳು ಮುನಿಸಿಕೊಂಡು ಹೋದಳು ಎಂದು ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಅತ್ತ. ಕೊನೆಗೆ ನಾಚಿಕೆ ಬಿಟ್ಟು, ಕಂಪನಿಯಲ್ಲಿ ಬಡ್‌ಗಳ ಒಳಭಾಗ ಕೂಡಿಸುವ ಎಂಜಿನಿಯರಿಗೆ ಮೆಸೇಜು ಕಳಿಸಿದ. ಎಲ್ಲರ ಬಾಯಲ್ಲೂ ಅವಳು ಬೆಸುಗೆಯಕ್ಕ. ಸದ್ದಡಗಿಸಿದ ಮೇಲೆ ಬಡ್ ತಾನಾಗಿ ಯಾವುದಾದರೂ ದನಿ ಹುಟ್ಟಿಸುವುದುಂಟೇ ಎಂದು ಕೇಳಿದ್ದ.

ಆರನೆಯ ದಿನ ಆಫೀಸಿಗೆ ಹೋಗುತ್ತೇನೆಂದು ಹೊರಟ. ಗೇಟಿನ ತನಕ ಹೋದವನಿಗೆ ಕಾಲು ಮುಂದೆ ಬರಲಿಲ್ಲ. ಕಳ್ಳನ ಹಾಗೆ ಬೀಗದ ಕೈ ತಿರುಗಿಸಿ ಒಳಗೆ ಬಂದ. ಹಿಂದಿನ ಕೋಣೆಯ ಬಾಗಿಲು ಮುಚ್ಚಿತ್ತು, ಮಿಷನ್ನು ಗುಡುಗುತ್ತಿತ್ತು. ಮೇಜಿನ ಮುಂದೆ ಕುಳಿತು ಬಡ್ ಸಿಕ್ಕಿಸಿಕೊಂಡು ಒತ್ತಿದ.

ಮಗಳು ಅಳುತ್ತಿದ್ದಳು. ಎಂದೂ ಅಷ್ಟು ಜೋರಾಗಿ ಅತ್ತಿರಲಿಲ್ಲ. "ಬಂದೆ ಕಣೇ, ಇಲ್ಲೇ ಇದೀನಿ," ಎಂದು ಅವನು ಪಿಸುಗುಟ್ಟಿದ. ಅಷ್ಟರಲ್ಲಿ ಫೋನು ಅದುರಿತು. ಬೆಸುಗೆಯಕ್ಕ.

"ಅಯ್ಯೋ ಮೊಲ, ಬಡ್ಡು ಏನೂ ಹುಟ್ಟಿಸಲ್ಲ," ಎಂದಳು. "ನಮ್ಮ ಫೋನಲ್ಲದಿದ್ರೆ ಒಂದು ಸಲ ಒತ್ತಿದ್ರೆ ಪೂರ್ತಿ ಮೌನ ಬರಲ್ಲ, ಎರಡು ಸಲ ಒತ್ತಬೇಕು. ಒಂದೇ ಸಲ ಒತ್ತಿದ್ರೆ ಮಾತು ಕೇಳಿಸೋ ಮೋಡು. ಫ್ಯಾನು, ಮಿಷನ್ನು, ಅವೆಲ್ಲ ತೆಗೆದುಹಾಕಿ, ಹತ್ತಿರದಲ್ಲಿ ಮನುಷ್ಯರ ದನಿ ಎಷ್ಟೇ ಸಣ್ಣಗಿರಲಿ, ಹಿಡಿದು ದೊಡ್ಡದು ಮಾಡಿ ಕೊಡುತ್ತೆ. ಬಾಗಿಲಾಚೆ ಇದ್ರೂ ಬಿಡಲ್ಲ."

ಅವನು ಫೋನಿಟ್ಟ. ಎದ್ದ. ಬಡ್‌ಗಳನ್ನು ತೆಗೆಯದೆಯೇ ನಡೆದು ಹಿಂದಿನ ಕೋಣೆಯ ಬಾಗಿಲು ತಳ್ಳಿದ. ಮಿಷನ್ನು ತಿರುಗುತ್ತಿತ್ತು, ಒಳಗೆ ಒಂದು ಬಟ್ಟೆಯೂ ಇರಲಿಲ್ಲ.

ಅದರ ಪಕ್ಕದಲ್ಲಿ ನೆಲದ ಮೇಲೆ, ಬಾಯಿಗೆ ಟವೆಲ್ ಒತ್ತಿಕೊಂಡು, ಮಗಳು ಆ ಅಳುವನ್ನು ಯಾರಿಂದ ಪಡೆದು ಹುಟ್ಟಿದ್ದಳೋ ಅವಳು ಅಳುತ್ತಿದ್ದಳು.